ಗುರುವನ್ನು ಮೀರಿ ಗುರುವನ್ನು ಮೆರೆಸಿದ ಡಾ. ಫಾರೆಸ್ಟ್ ಅಲೆನ್

ವಿದ್ಯೆಯೆಂದೊಡನೆ ಗ್ರಂಥವೂ ಲೇಖನಿಯೂ ನೆನಪಿಗೆ ಬರುವುದು ಸಹಜ. ಆದರೆ ಆಟದ ಬಯಲೂ ಪಾಠಶಾಲೆಯ ಒಂದು ಕೊಠಡಿಯೇ ಎಂಬುದನ್ನು ಅನುಭವಸ್ಥರಾದ ಉಪಾಧ್ಯಾಯರು ಬಲ್ಲರು. ಮಕ್ಕಳು ತಾವಾಗಿಯೇ ಆಡಿಕೊಳ್ಳುವ ಆಟದಲ್ಲಿ ಕಲಿಸುವುದಕ್ಕೇನಿದೆ ಎಂಬ ಪ್ರಶ್ನೆ ಹಿಂದೆಯೂ ಇತ್ತು, ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಆ ಪ್ರಶ್ನೆಗೆ ವಾದದಿಂದಲ್ಲದೆ ತಮ್ಮ ಇಡೀ ಬಾಳಿನಿಂದ ಉತ್ತರ ಕೊಟ್ಟ ಮಹನೀಯರೊಬ್ಬರು ಅಮೆರಿಕ ದೇಶದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿದ್ದರು. ಅವರೇ ಡಾ. ಫಾರೆಸ್ಟ್ ಅಲೆನ್. ವಿಶೇಷವೇನೆಂದರೆ, ಬ್ಯಾಸ್ಕೆಟ್‌ಬಾಲ್ ಕಲಿಸಿ ಬರುವಂಥದಲ್ಲವೆಂದು ಅವರಿಗೆ ಹೇಳಿದವರು ಬೇರಾರೂ ಅಲ್ಲ. ಆ ಆಟವನ್ನೇ ಸೃಷ್ಟಿಸಿದ ಅವರ ಗುರುಗಳು. ಶಿಷ್ಯನು ಗುರುವಿನ ಮಾತನ್ನು ಒಪ್ಪಲಿಲ್ಲ. ಗುರುವಿನ ಮೇಲಣ ಭಕ್ತಿಯನ್ನೂ ಬಿಡಲಿಲ್ಲ. ಈ ಎರಡನ್ನೂ ಒಂದೇ ಎದೆಯಲ್ಲಿ ಹೊತ್ತು ನಡೆದವರ ಕಥೆಯಿದು.

ಆ ಗುರುಗಳ ಹೆಸರು ಡಾ. ಜೇಮ್ಸ್ ನೈಸ್ಮಿತ್. 1861ರಲ್ಲಿ ಕೆನಡಾ ದೇಶದಲ್ಲಿ ಜನಿಸಿದ ಅವರು ಮೊದಲು ಧರ್ಮಶಾಸ್ತ್ರವನ್ನೂ ಅನಂತರ ವೈದ್ಯಶಾಸ್ತ್ರವನ್ನೂ ಅಭ್ಯಾಸ ಮಾಡಿದವರು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ತರಬೇತಿ ಶಾಲೆಯಲ್ಲಿ ಅಧ್ಯಾಪಕರಾಗಿದ್ದಾಗ, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಬೇಸತ್ತ ತರುಣರಿಗಾಗಿ ಸೂರಿನಡಿಯಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಅವರು ಕಲ್ಪಿಸಿದರು. ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಕಟ್ಟಿಸಿ, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಇಂದು ಜಗತ್ತಿನ ಎಲ್ಲೆಡೆಯೂ ಆಡುವ ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಬಗೆ ಇದು. 1898ರಲ್ಲಿ ನೈಸ್ಮಿತ್ ಅವರು ಲಾರೆನ್ಸ್ ಎಂಬ ಊರಿನಲ್ಲಿರುವ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದರು. ಅಲ್ಲಿಯ ತಂಡವನ್ನು ಅವರು ನೋಡಿಕೊಂಡರಾದರೂ ಗೆಲವಿನ ಹಂಬಲ ಅವರಿಗಿರಲಿಲ್ಲ. ದೇಹಕ್ಕೆ ಆರೋಗ್ಯ, ನಡತೆಗೆ ಸಂಯಮ, ಮನಸ್ಸಿಗೆ ಉಲ್ಲಾಸ ದೊರೆತರೆ ಆಟದ ಉದ್ದೇಶ ಸಫಲವಾಯಿತೆಂಬುದು ಅವರ ನಿಲುವು. ಅವರ ಕಾಲದಲ್ಲಿ ತಂಡವು 55 ಪಂದ್ಯಗಳನ್ನು ಗೆದ್ದು 60ರಲ್ಲಿ ಸೋತಿತು.

ಫಾರೆಸ್ಟ್ ಕ್ಲೇರ್ ಅಲೆನ್ ಅವರು 1885ರ ನವೆಂಬರ್ 18ರಂದು ಮಿಸೌರಿ ರಾಜ್ಯದ ಜೇಮ್ಸ್‌ಪೋರ್ಟ್‌ನಲ್ಲಿ ಜನಿಸಿ, ಅದೇ ರಾಜ್ಯದ ಇಂಡಿಪೆಂಡೆನ್ಸ್ ಊರಿನಲ್ಲಿ ಬೆಳೆದರು. ಆಟದಲ್ಲಿ ಹುಟ್ಟು ಆಸಕ್ತಿ, ಕಂಠವೋ ಸಿಂಹಘರ್ಜನೆ. ಬೇಸ್‌ಬಾಲ್ ಪಂದ್ಯಗಳಿಗೆ ತೀರ್ಪುಗಾರರಾಗಿ ನಿಂತು ಕೂಗಿದಾಗ, ದಟ್ಟ ಮಂಜಿನಲ್ಲಿ ಹಡಗುಗಳಿಗೆ ಎಚ್ಚರಿಕೆ ನೀಡುವ ಕಹಳೆಯ ನೆನಪಾಗುತ್ತಿತ್ತಂತೆ. ಮಂಜಿಗೆ ಇಂಗ್ಲಿಷಿನಲ್ಲಿರುವ ಫಾಗ್ ಎಂಬ ಹೆಸರೇ ಅವರಿಗೆ ಅಡ್ಡಹೆಸರಾಯಿತು. ಕೊನೆಯವರೆಗೂ ಲೋಕ ಅವರನ್ನು ಕರೆದದ್ದು ಫಾಗ್ ಅಲೆನ್ ಎಂದೇ. ಸಂಘಟನೆಯ ಶಕ್ತಿಯೂ ಎಳವೆಯಲ್ಲಿಯೇ ಅವರಲ್ಲಿ ಮೊಳೆತಿತ್ತು. 1905ರಲ್ಲಿ, ಇನ್ನೂ ಇಪ್ಪತ್ತು ತುಂಬದ ಈ ತರುಣರು, ಅಂದು ಅಜೇಯವೆಂದು ಹೆಸರಾಗಿದ್ದ ಬಫಲೋ ಜರ್ಮನ್ಸ್ ತಂಡವನ್ನು ಕ್ಯಾನ್ಸಸ್ ಸಿಟಿ ನಗರಕ್ಕೆ ಬರಮಾಡಿಕೊಂಡು, ತಾವು ಆಡುತ್ತಿದ್ದ ಅಲ್ಲಿಯ ಅಥ್ಲೆಟಿಕ್ ಕ್ಲಬ್ಬಿನೊಡನೆ ಮೂರು ಪಂದ್ಯಗಳನ್ನು ಏರ್ಪಡಿಸಿದರು. ಕ್ಲಬ್ಬಿನ ತಂಡವು ಎರಡನ್ನು ಗೆದ್ದುಕೊಂಡಿತು.

ಬಳಿಕ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ನೈಸ್ಮಿತ್ ಅವರ ಶಿಷ್ಯರಾಗಿ ಆಡಿದರು. ಸಮೀಪದ ಬೇಕರ್ ವಿಶ್ವವಿದ್ಯಾಲಯವು ತನ್ನ ತಂಡಕ್ಕೆ ಆಟ ಕಲಿಸಲು ಅವರನ್ನು ಆಹ್ವಾನಿಸಿತು. ಈ ಸಂಗತಿಯನ್ನರಿತ ಗುರುಗಳು ನಕ್ಕು, ಬ್ಯಾಸ್ಕೆಟ್‌ಬಾಲ್ ಆಡುವ ಆಟವೇ ಹೊರತು ಕಲಿಸುವ ಆಟವಲ್ಲವೆಂದು ಹೇಳಿದರೆಂದು ಪ್ರಸಿದ್ಧವಾಗಿದೆ. ಶಿಷ್ಯನಾದರೋ, ಚೆಂಡನ್ನು ಎಸೆಯುವ ಕೈಗೂ ಅಂಗಳದಲ್ಲಿ ಸರಿದಾಡುವ ಕಾಲಿಗೂ ಶಿಕ್ಷಣ ಕೊಡಬಹುದೆಂದು ವಿನಯದಿಂದಲೇ ಉತ್ತರಿಸಿದರು. ಗುರುಶಿಷ್ಯರ ನಡುವಣ ಈ ಭಿನ್ನಾಭಿಪ್ರಾಯ ಕಡೆಯವರೆಗೂ ಉಳಿಯಿತು. ಸ್ನೇಹವೂ ಅಷ್ಟೇ ಗಟ್ಟಿಯಾಗಿ ಉಳಿಯಿತು. 1907ರಲ್ಲಿ ನೈಸ್ಮಿತ್ ಅವರು ತಂಡದ ಹೊಣೆಯಿಂದ ನಿವೃತ್ತರಾದಾಗ ಅದನ್ನು ಹೊತ್ತವರು ಇದೇ ಶಿಷ್ಯರು.

1909ರಲ್ಲಿ ಅಲೆನ್ ಅವರು ಆ ಕೆಲಸವನ್ನು ಬಿಟ್ಟು ಆಸ್ಟಿಯೋಪತಿಯ ಅಧ್ಯಯನಕ್ಕೆ ತೊಡಗಿದರು. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಒತ್ತಿ ತೀಡಿ ಸರಿಪಡಿಸುವ ಚಿಕಿತ್ಸಾಕ್ರಮವದು. ಆಟಗಾರರ ದೇಹವನ್ನು ಅರಿಯದೆ ಆಟವನ್ನು ಕಲಿಸುವುದು ಅರೆಪಾಠವಾದೀತೆಂಬ ತಿಳಿವಳಿಕೆ ಅವರ ಮುಂದಿನ ಕಾರ್ಯದಲ್ಲೆಲ್ಲ ಎದ್ದು ಕಾಣುತ್ತದೆ. ಪದವಿ ಪಡೆದ ತರುವಾಯ 1912ರಿಂದ 1919ರವರೆಗೆ ಮಿಸೌರಿಯ ವಾರೆನ್ಸ್‌ಬರ್ಗ್‌ನ ಅಧ್ಯಾಪಕರ ಕಾಲೇಜಿನಲ್ಲಿ ಸೇವೆ ಸಲ್ಲಿಸಿ, 1919ರಲ್ಲಿ ಕ್ರೀಡಾನಿರ್ದೇಶಕರಾಗಿ ಲಾರೆನ್ಸ್‌ಗೆ ಮರಳಿದರು. ಅಲ್ಲಿಂದ ಮುಂದೆ 1956ರವರೆಗೆ, ಮೂವತ್ತೇಳು ಋತುಗಳ ಕಾಲ, ಅವರ ಬಾಳೂ ಆ ತಂಡದ ಬಾಳೂ ಬೇರೆಬೇರೆಯಾಗಿ ಉಳಿಯಲಿಲ್ಲ.

ಅವರ ಬೋಧನಕ್ರಮ ಅಕ್ಷರಾಭ್ಯಾಸದಂತೆ ಮೂಲದಿಂದ ಮೊದಲಾಗುತ್ತಿತ್ತು. ನಿಲ್ಲುವ ಭಂಗಿ, ಹೆಜ್ಜೆಯಿಡುವ ಬಗೆ, ಚೆಂಡನ್ನು ಹಿಡಿಯುವ ಹಾಗೂ ಸಹಪಾಠಿಗೆ ದಾಟಿಸುವ ರೀತಿ, ಎದುರಾಳಿಯನ್ನು ತಡೆಯುವಾಗ ದೇಹದ ಭಾರವನ್ನು ಹೊಂದಿಸಿಕೊಳ್ಳುವ ಉಪಾಯ, ಇವುಗಳನ್ನು ದಿನದಿನವೂ ತಿದ್ದಿ ತೀಡಿಸುತ್ತಿದ್ದರು. ಗಾಯಗೊಂಡವರಿಗೆ ತಾವೇ ಚಿಕಿತ್ಸೆ ಮಾಡುತ್ತಿದ್ದರು. 1924ರಲ್ಲಿ ಪ್ರಕಟವಾದ ಮೈ ಬ್ಯಾಸ್ಕೆಟ್‌ಬಾಲ್ ಬೈಬಲ್ ಎಂಬ ಗ್ರಂಥದಲ್ಲಿ ಈ ಶಿಕ್ಷಣವನ್ನು ಶಾಸ್ತ್ರವಾಗಿ ನಿರೂಪಿಸಿದರು. ಅವರ 1922 ಮತ್ತು 1923ರ ತಂಡಗಳನ್ನು ಹೆಲ್ಮ್ಸ್ ಪ್ರತಿಷ್ಠಾನವು ಮುಂದೆ ಆಯಾ ವರ್ಷಗಳ ರಾಷ್ಟ್ರದ ಅಗ್ರತಂಡಗಳೆಂದು ಗುರುತಿಸಿತು. ಆ ತಂಡದ ಮೀಸಲು ಆಟಗಾರರಲ್ಲಿ ಅಡಾಲ್ಫ್ ರಪ್ ಎಂಬ ತರುಣನಿದ್ದನೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಸ್ವಂತ ತಂಡದ ಏಳಿಗೆಯೊಂದನ್ನೇ ನೋಡಿಕೊಂಡವರಲ್ಲ ಅಲೆನ್. 1927ರಲ್ಲಿ ನಿಯಮ ಸಮಿತಿಯು, ಚೆಂಡನ್ನು ನೆಲಕ್ಕೆ ಬಡಿಯುತ್ತ ಮುನ್ನಡೆಯುವ ಕ್ರಮವನ್ನು ಒಂದೇ ಪುಟಿತಕ್ಕೆ ಮಿತಗೊಳಿಸಲು ಹೊರಟಿತು. ಅದು ಜಾರಿಗೆ ಬಂದಿದ್ದರೆ ಆಟದ ಅರ್ಧ ಸೊಬಗೇ ಅಳಿಯುತ್ತಿತ್ತು. ಅಲೆನ್ ಅವರು ದೇಶದ ತರಬೇತುದಾರರನ್ನೆಲ್ಲ ಒಗ್ಗೂಡಿಸಿ ಸಂಘವೊಂದನ್ನು ಕಟ್ಟಿ, ಅದರ ಮೊದಲ ಅಧ್ಯಕ್ಷರಾಗಿ ಆ ತಿದ್ದುಪಡಿಯನ್ನು ತಡೆದರು. ಬ್ಯಾಸ್ಕೆಟ್‌ಬಾಲನ್ನು ಒಲಿಂಪಿಕ್ ಕ್ರೀಡೆಯನ್ನಾಗಿಸಬೇಕೆಂದು ವರ್ಷಗಟ್ಟಲೆ ಹೆಣಗಿದವರಲ್ಲಿ ಅವರೇ ಮುಂದಾಳು. 1936ರಲ್ಲಿ ಬರ್ಲಿನ್ ನಗರದಲ್ಲಿ ಆ ಕನಸು ನನಸಾಯಿತು. ವೃದ್ಧರಾಗಿದ್ದ ನೈಸ್ಮಿತ್ ಅವರನ್ನು ಅಲ್ಲಿಗೆ ಕಳಿಸಿಕೊಡಲು ದೇಶದ ಉದ್ದಗಲಕ್ಕೂ ಪಂದ್ಯಗಳ ವೇಳೆಯಲ್ಲಿ ಚಂದಾ ಎತ್ತಲಾಯಿತು. ತಾವು ಬುಟ್ಟಿ ಕಟ್ಟಿ ಮೊದಲುಮಾಡಿದ ಆಟವನ್ನು ದೇಶದೇಶದ ಯುವಕರು ಆಡುವುದನ್ನು ಆ ಗುರುಗಳು ಕಣ್ಣಾರೆ ಕಂಡು, ಗೆದ್ದವರಿಗೆ ತಮ್ಮ ಕೈಯಿಂದಲೇ ಪದಕಗಳನ್ನು ನೀಡಿದರು. ಆದರೆ ಅಲೆನ್ ಅವರು ಅಂದು ಅಲ್ಲಿರಲಿಲ್ಲ. ಹವ್ಯಾಸಿ ಕ್ರೀಡಾ ಒಕ್ಕೂಟದ ಅಧಿಕಾರಿಗಳೊಡನೆ ಜಗಳವಾಗಿ, ಒಲಿಂಪಿಕ್ ಬ್ಯಾಸ್ಕೆಟ್‌ಬಾಲಿನ ನಿರ್ದೇಶಕ ಸ್ಥಾನಕ್ಕೆ ಅವರು ರಾಜೀನಾಮೆ ಕೊಟ್ಟಿದ್ದರು. ದಾರಿಯನ್ನು ಕಡಿದವರೇ ಜಾತ್ರೆಗೆ ಹೋಗದೆ ಉಳಿದಂತಾಯಿತು.

1939ರಲ್ಲಿ ತರಬೇತುದಾರರ ಸಂಘವು ಕಾಲೇಜು ತಂಡಗಳಿಗಾಗಿ ರಾಷ್ಟ್ರಮಟ್ಟದ ಪಂದ್ಯಾವಳಿಯನ್ನು ಆರಂಭಿಸಿ ಸುಮಾರು ಎರಡೂವರೆ ಸಾವಿರ ಡಾಲರ್ ನಷ್ಟ ಅನುಭವಿಸಿತು. ಮರುವರ್ಷ ಅಂತಿಮ ಪಂದ್ಯವನ್ನು ಕ್ಯಾನ್ಸಸ್ ಸಿಟಿಯಲ್ಲಿ ನಡೆಸುವ ಹೊಣೆಯನ್ನು ಅಲೆನ್ ಹೊತ್ತರು. ನಷ್ಟವು ಲಾಭವಾಗಿ ತಿರುಗಿತು. ಅವರ ತಂಡವೇ ಅಂತಿಮ ಪಂದ್ಯವನ್ನೂ ತಲುಪಿತ್ತು. ಆದರೆ ಇಂಡಿಯಾನಾ ತಂಡವು 60–42ರಿಂದ ಜಯಗಳಿಸಿತು. ತಾವೇ ಉಳಿಸಿಕೊಟ್ಟ ಪಂದ್ಯಾವಳಿಯ ಕಿರೀಟ ಅವರ ಕಣ್ಣೆದುರಿಗೇ ಬೇರೆಯವರ ಪಾಲಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1939ರ ನವೆಂಬರಿನಲ್ಲಿ, ನೈಸ್ಮಿತ್ ಅವರು ಲಾರೆನ್ಸ್‌ನಲ್ಲಿ ಕಾಲವಾಗಿದ್ದರು.

ಮಹಾಪುರುಷರ ಚರಿತ್ರೆಯೆಂದು ಕುಂದುಗಳನ್ನು ಮುಚ್ಚಿಡುವುದು ಸತ್ಯಕ್ಕೆ ಸಲ್ಲದು. ಅಲೆನ್ ಅವರದು ಹಟದ ಸ್ವಭಾವ, ಹರಿತವಾದ ನಾಲಗೆ. ವೈರಗಳನ್ನು ಅವರು ಬೇಗನೆ ಕಟ್ಟಿಕೊಳ್ಳುತ್ತಿದ್ದರು. ಇದಕ್ಕಿಂತ ಗುರುತರವಾದುದು ಅಂದಿನ ವರ್ಣಭೇದ. 1930ರ ದಶಕದಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕಪ್ಪು ಜನಾಂಗದ ವಿದ್ಯಾರ್ಥಿ ನೈಸ್ಮಿತ್ ಅವರ ಪದತಲದಲ್ಲಿ ಆಟದ ಮರ್ಮವನ್ನು ಕಲಿತು 1936ರಲ್ಲಿ ಅದೇ ವಿಶ್ವವಿದ್ಯಾಲಯದ ಪದವಿ ಪಡೆದರೂ, ಅಲೆನ್ ಅವರ ತಂಡದ ಅಂಗಳಕ್ಕೆ ಇಳಿಯುವ ಅವಕಾಶ ಅವರಿಗೆ ದೊರೆಯಲಿಲ್ಲ. ಮುಂದೆ ಮೆಕ್ಲೆಂಡನ್ ಅವರು ದೇಶವೇ ಗೌರವಿಸುವ ತರಬೇತುದಾರರಾದರು. ಕ್ಯಾನ್ಸಸ್ ತಂಡಕ್ಕೆ ಲ್ಯಾವ್ಯಾನ್ಸ್ ಸ್ಕ್ವೈರ್ಸ್ ಅವರ ಮೂಲಕ ಆ ಬಾಗಿಲು ತೆರೆದದ್ದು 1950ರ ದಶಕದ ಮೊದಲಲ್ಲಿ. ಕಲಿಸಿದರೆ ಯಾರಿಗಾದರೂ ಆಟ ಬರುವುದೆಂದು ನಂಬಿದವರ ಅಂಗಳದಲ್ಲಿಯೇ ಇಷ್ಟು ಕಾಲ ಕೆಲವರಿಗೆ ಎಡೆಯಿಲ್ಲದೆ ಹೋದದ್ದು ಮರೆಯತಕ್ಕ ಮಾತಲ್ಲ.

ಅವರ ಹರಿತವಾದ ನಾಲಗೆ ಹಿತವನ್ನೂ ನುಡಿಯಿತು. ಜೂಜುಕೋರರು ಕಾಲೇಜು ಹುಡುಗರಿಗೆ ಹಣದ ಆಮಿಷ ಒಡ್ಡುತ್ತಿದ್ದಾರೆ, ಆಡಳಿತಗಾರರು ಕಣ್ಣು ತೆರೆಯದಿದ್ದರೆ ಆಟಕ್ಕೆ ಕಳಂಕ ತಪ್ಪದು ಎಂದು ಅವರು 1944ರಲ್ಲಿಯೇ ಬಹಿರಂಗವಾಗಿ ಎಚ್ಚರಿಸಿದರು. ಅನೇಕರು ಅದನ್ನು ಅತಿರೇಕವೆಂದು ತಳ್ಳಿಹಾಕಿದರು. 1951ರಲ್ಲಿ ನ್ಯೂಯಾರ್ಕಿನಲ್ಲಿ ಹಗರಣ ಸ್ಫೋಟಿಸಿತು. ಹಿಂದಿನ ವರ್ಷವಷ್ಟೇ ರಾಷ್ಟ್ರದ ಎರಡು ದೊಡ್ಡ ಪಂದ್ಯಾವಳಿಗಳನ್ನೂ ಗೆದ್ದಿದ್ದ ಕಾಲೇಜೊಂದರ ಆಟಗಾರರು ಹಣ ಪಡೆದು ಗಳಿಕೆಯನ್ನು ಏರುಪೇರು ಮಾಡಿದ್ದು ಬಯಲಾಯಿತು. ಕಾಲೇಜು ಆಟದ ಮೇಲೆ ಜನರಿಗಿದ್ದ ವಿಶ್ವಾಸವೇ ಅಲುಗಾಡಿತು.

1951–52ರ ಋತು ಬಂದುದು ಇಂಥ ಮಬ್ಬುಗವಿದ ಹೊತ್ತಿನಲ್ಲಿ. ಅದರ ಬೀಜ ಬಿದ್ದದ್ದು ಮೂರು ನಾಲ್ಕು ವರ್ಷಗಳ ಹಿಂದೆ. ಇಂಡಿಯಾನಾ ರಾಜ್ಯದ ಟೆರೆ ಹೋಟ್ ಊರಿನ ಕ್ಲೈಡ್ ಲವೆಲೆಟ್ ಆರು ಅಡಿ ಒಂಬತ್ತು ಅಂಗುಲ ಎತ್ತರದ ಹುಡುಗ. ತನ್ನ ರಾಜ್ಯದ ವಿಶ್ವವಿದ್ಯಾಲಯವನ್ನೇ ಸೇರುವನೆಂದು ಎಲ್ಲರೂ ಎಣಿಸಿದ್ದರು. ಅಲೆನ್ ಅವರು ಅವನನ್ನು ಕಂಡು, ಕ್ಯಾನ್ಸಸ್‌ಗೆ ಬಂದರೆ 1952ರಲ್ಲಿ ರಾಷ್ಟ್ರದ ಕಿರೀಟವನ್ನೂ ಅದೇ ವರ್ಷದ ಒಲಿಂಪಿಕ್ ಪದಕವನ್ನೂ ಕೂಡಿ ಗೆಲ್ಲಬಹುದೆಂದು ಭರವಸೆಯಿತ್ತರು. ಹುಡುಗ ಆ ಮಾತನ್ನು ನಂಬಿ ಬಂದ. ಅವನ ಸುತ್ತ ಸೇರಿದವರಲ್ಲಿ ಹೆಚ್ಚಿನವರು ಸಣ್ಣ ಊರುಗಳ ಮಕ್ಕಳು: ಬೆಲಾಯ್ಟ್‌ನ ಬಿಲ್ ಹೌಗ್ಲಂಡ್, ವಿನ್‌ಫೀಲ್ಡ್‌ನ ಬಾಬ್ ಕೆನ್ನಿ, ನ್ಯೂಟನ್‌ನ ಬಿಲ್ ಲೀನ್‌ಹಾರ್ಡ್, ಇವರೊಡನೆ ಡೀನ್ ಕೆಲ್ಲಿ, ಚಾರ್ಲಿ ಹೋಗ್, ಜಾನ್ ಕೆಲ್ಲರ್. ಎಂಪೋರಿಯಾದಲ್ಲಿ ಹುಟ್ಟಿ, ಗಣಿತವನ್ನು ಓದುತ್ತಿದ್ದ ಡೀನ್ ಸ್ಮಿತ್ ಮೀಸಲು ಆಟಗಾರ. ಹೆಚ್ಚಿನ ಪಂದ್ಯಗಳನ್ನು ಅವನು ಬೆಂಚಿನ ಮೇಲೆ ಕುಳಿತು ಗಮನವಿಟ್ಟು ನೋಡಿದವನು. 1940ರಲ್ಲಿ ಸೋಲುಂಡ ತಂಡದ ಆಟಗಾರರಾಗಿದ್ದ ಡಿಕ್ ಹಾರ್ಪ್ ಈಗ ಅಲೆನ್ ಅವರಿಗೆ ಸಹಾಯಕ ತರಬೇತುದಾರರು.

ಮೊದಲ ಹದಿಮೂರು ಪಂದ್ಯಗಳಲ್ಲಿ ತಂಡ ಸೋಲನ್ನರಿಯಲಿಲ್ಲ. ಬಳಿಕ ಕ್ಯಾನ್ಸಸ್ ಸ್ಟೇಟ್ ಮತ್ತು ಓಕ್ಲಹೋಮ ಎ ಅಂಡ್ ಎಂ ತಂಡಗಳ ಎದುರು ಬೆನ್ನುಬೆನ್ನಿಗೆ ಎರಡು ಸೋಲು. ಎತ್ತರದ ಒಬ್ಬನನ್ನೇ ನಂಬಿದ ತಂಡ ಅವನೊಡನೆಯೇ ಮುಳುಗೀತೆಂದು ಆಡಿಕೊಳ್ಳುವುದಕ್ಕೆ ಇಷ್ಟು ಸಾಕು. ಅರವತ್ತಾರರ ಆ ಗುರು ಹಳೆಯ ಪಾಠಕ್ಕೇ ಅಂಟಿಕೊಳ್ಳಲಿಲ್ಲ. ಹಾರ್ಪ್ ಅವರೊಡಗೂಡಿ ರಕ್ಷಣೆಯ ಕ್ರಮವನ್ನು ಬದಲಿಸಿದರು. ಎದುರಾಳಿ ಬುಟ್ಟಿಯ ಬಳಿಗೆ ಬರುವವರೆಗೆ ಕಾಯುವ ಬದಲು, ಚೆಂಡು ಹಿಡಿದವನನ್ನು ದೂರದಲ್ಲಿಯೇ ಒತ್ತರಿಸಿ ತಡೆಯುವ ಆಟವನ್ನು ಹುಡುಗರು ರೂಢಿಸಿಕೊಂಡರು. ಅನಂತರ ರಾಷ್ಟ್ರದ ಅಂತಿಮ ಪಂದ್ಯದವರೆಗೆ ತಂಡ ಮತ್ತೆ ಸೋಲಲಿಲ್ಲ.

ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಹೆಜ್ಜೆ ಕಠಿನವಾಗಿತ್ತು. ಟೆಕ್ಸಾಸ್ ಕ್ರಿಶ್ಚಿಯನ್ ತಂಡದೆದುರು 68–64ರಿಂದ ಪಾರಾದದ್ದೇ ಹೆಚ್ಚು. ಮುಂದಿನ ಪಂದ್ಯದಲ್ಲಿ ಸೇಂಟ್ ಲೂಯಿಸ್ ವಿರುದ್ಧ ಲವೆಲೆಟ್ ಒಬ್ಬನೇ 44 ಅಂಕ ಗಳಿಸಿದನು. ಅಲ್ಲಿಂದ ಪಶ್ಚಿಮ ಕರಾವಳಿಯ ಸಿಯಾಟಲ್ ನಗರಕ್ಕೆ ಪಯಣ. ಸಾಂಟಾ ಕ್ಲಾರಾ ತಂಡವನ್ನು ಗೆದ್ದು, 1952ರ ಮಾರ್ಚ್ 26ರ ರಾತ್ರಿ ಕ್ಯಾನ್ಸಸ್ ತಂಡವು ಫ್ರಾಂಕ್ ಮೆಗ್ವೈರ್ ಅವರು ತರಬೇತುಗೊಳಿಸಿದ ಸೇಂಟ್ ಜಾನ್ಸ್ ತಂಡವನ್ನು ಎದುರಿಸಿತು. ಲವೆಲೆಟ್ ಗಳಿಸಿದ ಅಂಕಗಳು 33. ಅಂತಿಮ ಗಳಿಕೆ 80–63. ಹನ್ನೆರಡು ವರ್ಷಗಳ ಹಿಂದೆ ಕೈಜಾರಿದ್ದ ಕಿರೀಟ ಅಲೆನ್ ಅವರ ತಂಡಕ್ಕೆ ದಕ್ಕಿತು. ಆ ಋತುವಿನಲ್ಲಿ ಲವೆಲೆಟ್ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅಂಕಗಳ ಸರಾಸರಿಯಲ್ಲಿ ಅಗ್ರಗಣ್ಯನಾಗಿದ್ದನು. ಗುರು ಕೊಟ್ಟ ಮಾತಿನಲ್ಲಿ ಅರ್ಧ ಸಂದಿತು.

ಉಳಿದರ್ಧಕ್ಕೆ ವಿಧಿ ತುಸು ಕೊಂಕು ತೆಗೆಯಿತು. ಒಲಿಂಪಿಕ್ ತಂಡದ ಆಯ್ಕೆಗಾಗಿ ನ್ಯೂಯಾರ್ಕಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ, ಉದ್ಯಮ ಸಂಸ್ಥೆಯೊಂದರ ನೌಕರರ ತಂಡವಾದ ಪಿಯೋರಿಯಾ ಕ್ಯಾಟರ್‌ಪಿಲ್ಲರ್ಸ್ ಎದುರಾಯಿತು. ಕೊನೆಯ ಕ್ಷಣಗಳಲ್ಲಿ ಲವೆಲೆಟ್ ಬುಟ್ಟಿಯ ಸನಿಹದಿಂದ ಹಾಕಿದ ಚೆಂಡು ಗುರಿ ತಪ್ಪಿತು. ಎದುರಾಳಿಗಳು 62–60ರಿಂದ ಗೆದ್ದರು. ಮುಖ್ಯ ತರಬೇತುದಾರರ ಪದವಿ ಪಿಯೋರಿಯಾದ ವಾರೆನ್ ವೊಂಬ್ಲ್ ಅವರಿಗೆ ಹೋಯಿತು. ಅಲೆನ್ ಅವರಿಗೆ ಸಹಾಯಕ ಸ್ಥಾನ. ಈ ಆಟವನ್ನು ಒಲಿಂಪಿಕ್ಕಿಗೆ ಸೇರಿಸಲು ಹೆಣಗಿದ ಹಿರಿಯರು, ಹದಿನಾರು ವರ್ಷಗಳ ಹಿಂದೆ ಮುನಿದು ಮನೆಯಲ್ಲುಳಿದವರು, ಈಗ ಎರಡನೆಯ ಸ್ಥಾನವನ್ನು ಸ್ವೀಕರಿಸಿ ಹೆಲ್ಸಿಂಕಿಗೆ ತೆರಳಿದರು. ಮುನಿಸನ್ನು ಗೆದ್ದ ಆ ಹೆಜ್ಜೆ ಕಿರೀಟಕ್ಕಿಂತ ಕಿರಿದಲ್ಲ. ಅಮೆರಿಕ ತಂಡದ 14 ಮಂದಿಯಲ್ಲಿ ಏಳು ಮಂದಿ ಅವರ ಶಿಷ್ಯರು. ಅಂತಿಮ ಪಂದ್ಯದಲ್ಲಿ ಸೋವಿಯತ್ ಒಕ್ಕೂಟವನ್ನು 36–25ರಿಂದ ಮಣಿಸಿ ಅವರು ಚಿನ್ನದ ಪದಕ ಧರಿಸಿದರು. ಲವೆಲೆಟ್‌ಗೆ ಇತ್ತ ಮಾತು ಪೂರ್ಣವಾಗಿ ಸಂದಿತು.

ಮರುವರ್ಷ ಆ ಹಿರಿಯ ಆಟಗಾರರು ಪದವಿ ಮುಗಿಸಿ ಹೊರಟುಹೋಗಿದ್ದರೂ, ಉಳಿದವರೇ ಮತ್ತೆ ಅಂತಿಮ ಪಂದ್ಯವನ್ನು ತಲುಪಿ ಇಂಡಿಯಾನಾ ತಂಡಕ್ಕೆ 69–68ರಿಂದ, ಒಂದೇ ಅಂಕದಿಂದ ಸೋತರು. ಎತ್ತರದ ಒಬ್ಬನಿಂದಲೇ ಎಲ್ಲವೂ ನಡೆಯಿತೆಂಬವರಿಗೆ ಆ ಸೋಲೇ ಉತ್ತರ. 1955ರ ಮಾರ್ಚ್ 1ರಂದು ಲಾರೆನ್ಸ್‌ನಲ್ಲಿ ವಿಶಾಲವಾದ ಹೊಸ ಕ್ರೀಡಾಭವನ ತೆರೆಯಿತು. ಅದಕ್ಕೆ ಅಲೆನ್ ಅವರ ಹೆಸರನ್ನಿಡಲಾಯಿತು. ಅದೇ ವರ್ಷ ಅವರು ವಿಲ್ಟ್ ಚೇಂಬರ್ಲಿನ್ ಎಂಬ ಏಳಡಿ ಎತ್ತರದ ಕಪ್ಪು ತರುಣನನ್ನು ವಿಶ್ವವಿದ್ಯಾಲಯಕ್ಕೆ ಕರೆತಂದರು. ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡಕೂಡದೆಂಬುದು ಅಂದಿನ ಕಟ್ಟಳೆ. ಆ ವರ್ಷ ಮುಗಿಯುವಷ್ಟರಲ್ಲಿ, ಎಪ್ಪತ್ತು ತುಂಬಿದವರು ನಿವೃತ್ತರಾಗಬೇಕೆಂಬ ನಿಯಮದಂತೆ ಗುರುಗಳೇ 1956ರಲ್ಲಿ ಹೊರನಡೆಯಬೇಕಾಯಿತು. ಉಳಿಯಬೇಕೆಂಬ ಅವರ ಹಂಬಲ ಫಲಿಸಲಿಲ್ಲ. ಹಾರ್ಪ್ ಅವರ ಕೈಕೆಳಗೆ ಆ ತಂಡ 1957ರ ಅಂತಿಮ ಪಂದ್ಯದಲ್ಲಿ ಮೂರು ಹೆಚ್ಚುವರಿ ಅವಧಿಗಳ ತರುವಾಯ 54–53ರಿಂದ ನಾರ್ತ್ ಕೆರೊಲಿನಾ ತಂಡಕ್ಕೆ ಸೋತಿತು. ಗೆದ್ದ ತಂಡದ ತರಬೇತುದಾರರು ಸಿಯಾಟಲ್‌ನಲ್ಲಿ ಸೋತಿದ್ದ ಅದೇ ಮೆಗ್ವೈರ್.

ನಿವೃತ್ತಿಯ ದಿನಗಳನ್ನು ಅಲೆನ್ ಅವರು ಲಾರೆನ್ಸ್‌ನಲ್ಲಿ ರೋಗಿಗಳ ಚಿಕಿತ್ಸೆಯಲ್ಲಿ ಕಳೆದರು. 1974ರ ಸೆಪ್ಟೆಂಬರ್ 16ರಂದು, ತಮ್ಮ 88ನೆಯ ವಯಸ್ಸಿನಲ್ಲಿ, ಆ ಊರಿನಲ್ಲಿಯೇ ಕಣ್ಮುಚ್ಚಿದರು. ಕ್ಯಾನ್ಸಸ್ ಒಂದರಲ್ಲಿಯೇ ಅವರ ತಂಡಗಳು ಗೆದ್ದ ಪಂದ್ಯಗಳು 590. ನಿವೃತ್ತರಾದಾಗ ಕಾಲೇಜು ತರಬೇತುದಾರರಲ್ಲಿ ಅವರಷ್ಟು ಗೆಲವು ಕಂಡವರು ಬೇರೆ ಇರಲಿಲ್ಲ. ಆ ದಾಖಲೆಯನ್ನು ಅವರು ಬದುಕಿರುವಾಗಲೇ ಮುರಿದವರು 1923ರ ತಂಡದ ಮೀಸಲು ಆಟಗಾರ ಅಡಾಲ್ಫ್ ರಪ್. ರಪ್ ಅವರ ದಾಖಲೆಯನ್ನು 1997ರಲ್ಲಿ ಮುರಿದವರು 1952ರ ತಂಡದ ಮೀಸಲು ಆಟಗಾರ ಡೀನ್ ಸ್ಮಿತ್. ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ಹುಡುಗರು ಅಂಗಳದಲ್ಲಿ ಮೆರೆದವರಿಗಿಂತ ಹೆಚ್ಚನ್ನು ಕಲಿತುಕೊಂಡು ಹೋಗಿದ್ದರು. ಆಟವನ್ನು ಕಲಿಸಬಹುದೇ ಎಂಬ ಪ್ರಶ್ನೆಗೆ ಇದಕ್ಕಿಂತ ಮಿಗಿಲಾದ ಸಮಾಧಾನ ಬೇಕಿಲ್ಲ.

ಗುರುವು ಶಿಷ್ಯನಿಂದ ಸೋಲನ್ನೇ ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ನೈಸ್ಮಿತ್ ಅವರ ಮಾತನ್ನು ಅಲೆನ್ ಸೋಲಿಸಿದರು. ಅಲೆನ್ ಅವರ ದಾಖಲೆಯನ್ನು ಅವರ ಶಿಷ್ಯರು ಸೋಲಿಸಿದರು. ಇಂದು ಲಾರೆನ್ಸ್‌ನಲ್ಲಿ ಅಲೆನ್ ಅವರ ಹೆಸರಿನ ಭವನದೊಳಗೆ ಹೊಕ್ಕರೆ, ಅಲ್ಲಿಯ ಆಟದ ಅಂಗಳಕ್ಕೆ ನೈಸ್ಮಿತ್ ಅವರ ಹೆಸರಿದೆ. ನೆಲ ಗುರುವಿನದು, ಮಾಡು ಶಿಷ್ಯನದು; ಆಡುವ ಮಕ್ಕಳು ಮಾತ್ರ ವರ್ಷವರ್ಷವೂ ಹೊಸಬರು.